ಸಾಂಗ್ಲಿಯಾನ: ಖಾಕಿಯಿಂದ ಸಂಸತ್ತಿಗೆ, ಸಂಸತ್ತಿನಿಂದ ಹೊರಗೆ

1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶನದ ಒಂದು ಸಿನಿಮಾ ಬಂತು. ನಾಯಕ ಶಂಕರ್‌ನಾಗ್, ಹೆಸರು 'ಸಾಂಗ್ಲಿಯಾನ'. ಎರಡು ವರ್ಷದ ನಂತರ ಅದರ ಎರಡನೆಯ ಭಾಗವೂ ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಟೊಗಳ ಹಿಂಬದಿಯಲ್ಲಿ ಅವರ ಚಿತ್ರ ಇಂದಿಗೂ ಉಳಿದಿದೆ, ಅದರ ಜೊತೆಗೆ ಆ ಹೆಸರೂ ಉಳಿಯಿತು. ಕನ್ನಡ ಗೊತ್ತಿರುವ ಯಾರನ್ನಾದರೂ ಕೇಳಿ ನೋಡಿ: ಸಾಂಗ್ಲಿಯಾನ ಎಂದರೆ ಲಂಚ ಮುಟ್ಟದ, ಪುಢಾರಿಗಳಿಗೆ ಬಗ್ಗದ ಪೊಲೀಸ್ ಅಧಿಕಾರಿ.

ಆ ಹೆಸರಿನ ನಿಜವಾದ ಒಡೆಯರು ಆಗ ಕರ್ನಾಟಕದಲ್ಲೇ ಸೇವೆಯಲ್ಲಿದ್ದರು. ಎಚ್.ಟಿ. ಸಾಂಗ್ಲಿಯಾನ, ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ, ಮಿಜೊ ಬೆಟ್ಟಗಳಿಂದ ಬಂದವರು, ದೈವಭಕ್ತ ಕ್ರೈಸ್ತರು. ವೇಷ ಮರೆಸಿಕೊಂಡು ಠಾಣೆಗಳಿಗೆ ಹೋಗಿ ಪೊಲೀಸರನ್ನೇ ಪರೀಕ್ಷಿಸುತ್ತಾರೆ ಎಂಬಂಥ ಕತೆಗಳು ಅವರ ಬಗ್ಗೆ ಜನರ ಬಾಯಲ್ಲಿ ಓಡಾಡುತ್ತಿದ್ದವು. ಅವುಗಳಲ್ಲಿ ನಿಜವೆಷ್ಟು, ಸಿನಿಮಾದಿಂದ ಬಂದದ್ದೆಷ್ಟು ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ. ಬೆಂಗಳೂರು ನಗರ ಪೊಲೀಸ್ ಆಯುಕ್ತರಾಗಿಯೂ ಕೆಲಸ ಮಾಡಿ ನಿವೃತ್ತರಾದ ಅವರು ಭಾರತೀಯ ಜನತಾ ಪಕ್ಷ ಸೇರಿದರು. 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಗೆದ್ದರು. ನಾಲ್ಕು ವರ್ಷದ ನಂತರ ಅದೇ ಪಕ್ಷ ಅವರನ್ನು ಉಚ್ಚಾಟಿಸಿತು.

ಇದು ಒಬ್ಬ ರಾಜಕಾರಣಿಯ ಸಣ್ಣ ಕತೆ. ಒಂದೇ ಅವಧಿಯ ಸಂಸದ, ಮಂತ್ರಿಯಾದವರಲ್ಲ. ಆದರೂ ಈ ಕತೆಯನ್ನು ಸ್ವಲ್ಪ ನಿಧಾನವಾಗಿ ಓದುವುದಕ್ಕೆ ಕಾರಣವಿದೆ. ಭಾರತದ ಕ್ರೈಸ್ತರು 1949ರಲ್ಲಿ ಒಂದು ದೊಡ್ಡ ತೀರ್ಮಾನಕ್ಕೆ ಒಪ್ಪಿದ್ದರು. ಆ ತೀರ್ಮಾನ ಏನನ್ನು ಕೊಟ್ಟಿತು, ಏನನ್ನು ಕೊಡಲಿಲ್ಲ ಎಂಬುದು ಸಾಂಗ್ಲಿಯಾನರ ರಾಜಕೀಯ ಜೀವನದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಬೆಟ್ಟದ ಊರು, ಬಾಂಬು ಬಿದ್ದ ವರ್ಷ

ಸಾಂಗ್ಲಿಯಾನ ಹುಟ್ಟಿದ್ದು 1943ರಲ್ಲಿ. ಆಗ ಮಿಜೊ ಬೆಟ್ಟಗಳು ಅಸ್ಸಾಮಿನ ಭಾಗ. ಕ್ರೈಸ್ತ ಧರ್ಮ ಅಲ್ಲಿಗೆ ಬಂದು ಐವತ್ತು ವರ್ಷವಾಗಿತ್ತಷ್ಟೆ. ಜೆ.ಎಚ್. ಲೊರೇನ್ ಮತ್ತು ಎಫ್.ಡಬ್ಲ್ಯು. ಸ್ಯಾವಿಜ್ ಎಂಬ ಇಬ್ಬರು ಮಿಶನರಿಗಳು ಅಲ್ಲಿಗೆ ಕಾಲಿಟ್ಟದ್ದು 1894ರ ಜನವರಿ 11ರಂದು. ಮಿಜೊರಾಂನಲ್ಲಿ ಆ ದಿನ ಇವತ್ತಿಗೂ ಸರ್ಕಾರಿ ರಜೆ. ಮಿಜೊ ಭಾಷೆಗೆ ರೋಮನ್ ಲಿಪಿ ಹೊಂದಿಸಿದವರು ಈ ಇಬ್ಬರೇ. ನಂತರ ವೇಲ್ಸ್‌ನ ಪ್ರೆಸ್ಬಿಟೇರಿಯನ್ ಮಿಶನ್ ಬಂತು. ಎರಡು ಮೂರು ತಲೆಮಾರಿನೊಳಗೆ ಇಡೀ ಸಮಾಜವೇ ಚರ್ಚಿನ ಸುತ್ತ ಮರುಜೋಡಣೆಯಾಯಿತು.

ನಮ್ಮ ಕಡೆಯ ಕ್ರೈಸ್ತರ ಅನುಭವ ಬೇರೆ. ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಚರ್ಚು ಊರಿನ ಒಂದು ಭಾಗ. ದೇವಸ್ಥಾನ, ಮಸೀದಿ, ಬಸದಿಗಳ ನಡುವೆ ಅದೂ ಒಂದು. ಮಿಜೊ ಬೆಟ್ಟಗಳಲ್ಲಿ ಚರ್ಚು ಎಂದರೆ ಊರೇ. ಊರಿನ ಶಿಸ್ತು, ಮದುವೆಯ ಕಟ್ಟುಪಾಡು, ಭಾನುವಾರದ ವಿರಾಮ, ಕುಡಿತದ ಮೇಲಿನ ಕಣ್ಣು ಎಲ್ಲವೂ ಅದರ ಅಧೀನ. ಮಿಜೊರಾಂ ವಿಧಾನಸಭೆ 1995ರಲ್ಲಿ ಸಂಪೂರ್ಣ ಪಾನನಿಷೇಧದ ಕಾನೂನು ಮಾಡಿತು, ಅದರ ಹಿಂದಿದ್ದ ಒತ್ತಡ ಚರ್ಚುಗಳದು. ಮುಂದೆ ಅದು ಸಡಿಲವಾದಾಗ ಮತ್ತೆ ಬಿಗಿ ಮಾಡಿಸಲು ಪಟ್ಟು ಹಿಡಿದದ್ದೂ ಚರ್ಚುಗಳೇ. 2011ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ 87 ಮಂದಿ ಕ್ರೈಸ್ತರು. ಸಾಮಾಜಿಕ ಸಂಪ್ರದಾಯವಾದ ಅಲ್ಲಿ ಒಂದು ಪಕ್ಷದ ಸಿದ್ಧಾಂತವಲ್ಲ, ಎಲ್ಲ ಪಕ್ಷಗಳ ಕಾಲಡಿಯ ನೆಲ.

ಆ ನೆಲ 1966ರಲ್ಲಿ ಅಲುಗಾಡಿತು. ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ, ಬೆಳೆ ನಾಶವಾಗಿ ಬಂದ ಕ್ಷಾಮವನ್ನು ಸರ್ಕಾರ ಕಡೆಗಣಿಸಿತು ಎಂಬ ಸಿಟ್ಟಿನಿಂದ ಹುಟ್ಟಿದ ಮಿಜೊ ನ್ಯಾಷನಲ್ ಫ್ರಂಟ್ ಆ ವರ್ಷದ ಫೆಬ್ರುವರಿ 28ರಂದು ದಂಗೆ ಎದ್ದಿತು. ಮಾರ್ಚ್ ಮೊದಲ ವಾರ ಭಾರತೀಯ ವಾಯುಪಡೆ ಐಜಾಲಿನ ಮೇಲೆ ದಾಳಿ ನಡೆಸಿತು. ಸ್ವಂತ ದೇಶದ ಪಟ್ಟಣದ ಮೇಲೆ ವಿಮಾನದಿಂದ ಬಾಂಬು ಹಾಕಿದ ಪ್ರಸಂಗ ಅದು. ಮರುವರ್ಷ ಹಳ್ಳಿಗಳನ್ನು ಸುಟ್ಟು, ಜನರನ್ನು ರಸ್ತೆ ಬದಿಯ ಕಾವಲಿನ ಶಿಬಿರಗಳಿಗೆ ಒಟ್ಟುಗೂಡಿಸುವ ಕೆಲಸ ಶುರುವಾಯಿತು. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1986ರ ಜೂನ್ 30ರಂದು, ಇಪ್ಪತ್ತು ವರ್ಷದ ನಂತರ.

ಸಾಂಗ್ಲಿಯಾನ ಐಪಿಎಸ್ ಸೇರಿದ್ದು 1967ರಲ್ಲಿ. ಅವರ ವಯಸ್ಸಿನ ಅದೆಷ್ಟೋ ಮಿಜೊ ಹುಡುಗರು ಬಂದೂಕು ಹಿಡಿದು ಗಡಿ ದಾಟುತ್ತಿದ್ದ ಹೊತ್ತಿಗೆ ಅವರು ಭಾರತದ ಸಮವಸ್ತ್ರ ತೊಟ್ಟರು. ಎಲ್ಲಿಯ ಐಜಾಲ್, ಎಲ್ಲಿಯ ಕರ್ನಾಟಕ! ಈ ದೂರವನ್ನು ನೆನಪಿಡಬೇಕು. ದೇಶ, ಕಾನೂನು, ಶಿಸ್ತು ಎಂಬ ಪದಗಳು ಮುಂದೆ ಅವರ ಬಾಯಲ್ಲಿ ಕೇಳಿಬಂದಾಗ ಅವು ಭಾಷಣದ ಸರಕಷ್ಟೇ ಆಗಿರಲಿಲ್ಲ ಎಂದು ನನಗನ್ನಿಸುವುದು ಈ ಹಿನ್ನೆಲೆಯಿಂದ. ಅವರು ಆಯ್ದುಕೊಂಡ ಬದಿಗೆ ತವರಿನಲ್ಲಿ ಬೆಲೆ ತೆರಬೇಕಾದ ಕಾಲ ಅದು.

1949ರ ತೀರ್ಮಾನ

ಈಗ ಇನ್ನೊಂದು ಎಳೆ. ಕ್ರೈಸ್ತರೊಬ್ಬರು ಸಂಸತ್ತಿಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆ ಸಾಂಗ್ಲಿಯಾನ ಹುಟ್ಟುವ ಮೊದಲೇ ನಮ್ಮ ರಾಜಕೀಯದಲ್ಲಿತ್ತು.

1935ರ ಭಾರತ ಸರ್ಕಾರದ ಕಾಯ್ದೆಯಲ್ಲಿ ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ 8 ಭಾರತೀಯ ಕ್ರೈಸ್ತರಿಗೆಂದೇ ಮೀಸಲಾಗಿದ್ದವು. ಮಹಿಳಾ ಸ್ಥಾನಗಳಲ್ಲೂ ಒಂದು ಅವರ ಪಾಲಿಗಿತ್ತು. ಅವುಗಳಿಗೆ ಮತ ಹಾಕುವವರೂ ಕ್ರೈಸ್ತರೇ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸಿನ ಭಾಗವಾದ್ದರಿಂದ ಮಂಗಳೂರಿನ ಕ್ರೈಸ್ತರು ಈ ವ್ಯವಸ್ಥೆಯೊಳಗಿದ್ದರು. ಇದು ಬೇಕೇ ಬೇಡವೇ ಎಂಬುದರ ಬಗ್ಗೆ ಸಮುದಾಯದಲ್ಲಿ ಒಮ್ಮತವಿರಲಿಲ್ಲ. ಜಸ್ಟೀಸ್ ಪಕ್ಷದ ಎ.ಟಿ. ಪನ್ನೀರ್‌ಸೆಲ್ವಂ ಅಂಥವರು ಪ್ರತ್ಯೇಕ ಪ್ರಾತಿನಿಧ್ಯ ಬೇಕೆಂದರೆ, ಕೆ.ಟಿ. ಪಾಲ್ ಅವರಂಥ ರಾಷ್ಟ್ರೀಯವಾದಿಗಳು ಅದರಿಂದ ಕ್ರೈಸ್ತರು ಊರಿನಿಂದಲೇ ಬೇರೆಯಾಗುತ್ತಾರೆ ಎಂದು ಹೆದರಿದರು.

ಸಂವಿಧಾನ ಸಭೆ ಮೊದಲು ಮಧ್ಯದ ದಾರಿ ಹಿಡಿಯಿತು. ಪ್ರತ್ಯೇಕ ಮತದಾರರ ಪಟ್ಟಿ ಬೇಡ, ಆದರೆ ಸ್ಥಾನ ಮೀಸಲಿರಲಿ ಎಂದು 1947ರಲ್ಲಿ ತೀರ್ಮಾನವಾಯಿತು. ಕರಡು ಸಂವಿಧಾನದ 292ನೇ ವಿಧಿ ಮದ್ರಾಸ್ ಮತ್ತು ಬಾಂಬೆಯ ಭಾರತೀಯ ಕ್ರೈಸ್ತರಿಗೆ ಲೋಕಸಭೆಯಲ್ಲಿ ಮೀಸಲು ಸ್ಥಾನ ಕೊಟ್ಟಿತ್ತು. ದಕ್ಷಿಣ ಕನ್ನಡ ಮದ್ರಾಸಿನಲ್ಲಿ, ಉತ್ತರ ಕನ್ನಡ ಬಾಂಬೆಯಲ್ಲಿ ಇದ್ದದ್ದರಿಂದ ಕನ್ನಡ ಕರಾವಳಿಗೆ ಇದು ನೇರ ಸಂಬಂಧಪಟ್ಟ ಮಾತು.

ದೇಶ ವಿಭಜನೆಯ ನಂತರ ಗಾಳಿ ಬದಲಾಯಿತು. 1949ರ ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಕೈಬಿಡಬೇಕೆಂದಿತು. ಸಮಿತಿಯಲ್ಲಿ ಇದಕ್ಕೆ ಮುಂದಾಳಾದವರು ಬಂಗಾಳದ ಕ್ರೈಸ್ತ ಎಚ್.ಸಿ. ಮುಖರ್ಜಿ, ಸಂವಿಧಾನ ಸಭೆಯ ಉಪಾಧ್ಯಕ್ಷರು. ಮಂಗಳೂರಿನಲ್ಲಿ ಹುಟ್ಟಿ, ಮದ್ರಾಸಿನ ಲೊಯೊಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜೆಸ್ವಿಟ್ ಪಾದ್ರಿ ಫಾದರ್ ಜೆರೋಮ್ ಡಿಸೋಜ ಕೂಡ ಅದರ ಪರ ನಿಂತರು. ಮದುವೆ, ಕುಟುಂಬ, ಧರ್ಮಶಿಕ್ಷಣದ ವಿಷಯದಲ್ಲಿ ಕಥೋಲಿಕ ಸಭೆಯ ಬೋಧನೆಯನ್ನು ಒಂದಿಂಚೂ ಬಿಡದ ಪಾದ್ರಿ ಸ್ಥಾನದ ವಿಷಯದಲ್ಲಿ ಉದಾರಿಯಾದರು. ಮುಸ್ಲಿಂ ಸದಸ್ಯರಲ್ಲಿ ಬೇಗಂ ಐಜಾಜ್ ರಸೂಲ್ ಒಪ್ಪಿದರು, ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಒಪ್ಪಲಿಲ್ಲ. ಮೇ 26ರಂದು ಸಭೆ ನಿರ್ಣಯವನ್ನು ಅಂಗೀಕರಿಸಿತು.

ಕ್ರೈಸ್ತರು ಇದಕ್ಕೆ ಒಪ್ಪಿದ್ದು ಬರಿಗೈಯಲ್ಲಲ್ಲ. ಧರ್ಮವನ್ನು ಆಚರಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಈಗಿನ 25ನೇ ವಿಧಿಯಲ್ಲಿ ಉಳಿಸಿಕೊಂಡರು. ಶಾಲೆ ಕಾಲೇಜು ನಡೆಸುವ ಹಕ್ಕನ್ನು 30ನೇ ವಿಧಿಯಲ್ಲಿ ಪಡೆದರು. ಸ್ಥಾನ ಬಿಟ್ಟು ಸಂಸ್ಥೆ ಉಳಿಸಿಕೊಂಡರು ಎಂದು ಸ್ಥೂಲವಾಗಿ ಹೇಳಬಹುದು. ಫ್ರಾಂಕ್ ಆಂಟನಿ ಮಾತ್ರ ಆಂಗ್ಲೋ ಇಂಡಿಯನ್ನರಿಗೆ ಲೋಕಸಭೆಯಲ್ಲಿ ಎರಡು ನಾಮಕರಣದ ಸ್ಥಾನ ಕೇಳಿ ಪಡೆದರು. 104ನೇ ತಿದ್ದುಪಡಿಯ ಹೊತ್ತಿಗೆ ಅದನ್ನು ಮುಂದುವರಿಸದೆ ಬಿಟ್ಟದ್ದರಿಂದ 2020ರ ಜನವರಿಯಲ್ಲಿ ಅದೂ ಮುಗಿಯಿತು.

ಈ ಲೆಕ್ಕದಲ್ಲಿ ಒಂದು ಗುಂಪು ಹೊರಗುಳಿಯಿತು. ಮದ್ರಾಸ್ ಪ್ರಾಂತ್ಯದ ಕ್ರೈಸ್ತರಲ್ಲಿ ಬಹುಪಾಲು ದಲಿತ ಮೂಲದವರು. ಕ್ರೈಸ್ತರೆಂಬ ಕಾರಣಕ್ಕೆ ಸಿಗುತ್ತಿದ್ದ ಮೀಸಲು ಸ್ಥಾನ 1949ರಲ್ಲಿ ಹೋಯಿತು. ಮರುವರ್ಷ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಮುಖ್ಯವಾಗಿ ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಪೂರ್ತಿಯಾಗಿ ಒಳಬಂದರು, ಕ್ರೈಸ್ತರು ಬರಲಿಲ್ಲ. ಉದಾರತೆ ತೋರಿದವರು ಕಲಿತ, ಅನುಕೂಲಸ್ಥ ಕ್ರೈಸ್ತರು. ಅದರ ಬೆಲೆಯಲ್ಲಿ ದೊಡ್ಡ ಪಾಲು ತೆತ್ತವರು ಬೇರೆಯವರು.

ಮೊದಲ ದಶಕಗಳಲ್ಲಿ ಡಿಸೋಜ, ಮುಖರ್ಜಿಯವರ ನಂಬಿಕೆ ಸರಿಯೆಂದೇ ಕಂಡಿತು. ಉಡುಪಿ ಬಳಿಯ ಬೆಳ್ಳೆಯವರಾದ ಜೋಕಿಂ ಆಳ್ವ 1952ರಿಂದ ಸತತ ಮೂರು ಬಾರಿ ಉತ್ತರ ಕನ್ನಡದಿಂದ ಗೆದ್ದರು. ಅವರ ಪತ್ನಿ ವಯಲೆಟ್ ಆಳ್ವ 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋಗಿ ಬಿಟ್ಟುಬಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಬಾಂಬೆಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಗೆದ್ದರು. ಆಸ್ಕರ್ ಫರ್ನಾಂಡಿಸ್ 1980ರಿಂದ ಉಡುಪಿಯಲ್ಲಿ ಸತತ ಐದು ಬಾರಿ, ಮಾರ್ಗರೆಟ್ ಆಳ್ವ 1999ರಲ್ಲಿ ಉತ್ತರ ಕನ್ನಡದಲ್ಲಿ ಗೆದ್ದರು. ಇವರಲ್ಲಿ ಯಾರೂ ಕ್ರೈಸ್ತರ ಮತದಿಂದಲೇ ಗೆದ್ದವರಲ್ಲ, ಗೆಲ್ಲುವಷ್ಟು ಕ್ರೈಸ್ತರು ಆ ಕ್ಷೇತ್ರಗಳಲ್ಲಿ ಇರಲೂ ಇಲ್ಲ.

ಎರಡು ನಗರ, ಒಂದೇ ಚುನಾವಣೆ

ನಾನು ಇದನ್ನು ಬರೆಯುತ್ತಿರುವುದು ಹೈದರಾಬಾದಿನ ಬೇಗಂ ಬಜಾರಿನಿಂದ. ಸಗಟು ಅಂಗಡಿಗಳ ಈ ಗಲ್ಲಿಗಳಲ್ಲಿ ಮಾರವಾಡಿ, ಗುಜರಾತಿ, ತೆಲುಗು, ದಖನಿ ಉರ್ದು, ಬೀದರ್ ಕಲಬುರಗಿಯ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಈ ಪೇಟೆ ಸೇರಿರುವುದು ಗೋಶಾಮಹಲ್ ವಿಧಾನಸಭಾ ಕ್ಷೇತ್ರಕ್ಕೆ. ಅಲ್ಲಿ 2014, 2018, 2023ರಲ್ಲಿ ಬಿಜೆಪಿ ಗೆದ್ದಿದೆ. ಅದೇ ಗೋಶಾಮಹಲ್ ಹೈದರಾಬಾದ್ ಲೋಕಸಭಾ ಕ್ಷೇತ್ರದ ಭಾಗ. ಅಲ್ಲಿ 1984ರಿಂದ ಒವೈಸಿ ಕುಟುಂಬದವರು ಬಿಟ್ಟರೆ ಬೇರೆಯವರು ಗೆದ್ದಿಲ್ಲ. ಹೀಗಾಗಿ ಇಲ್ಲಿಯ ಅಂಗಡಿಯವನೊಬ್ಬನಿಗೆ ಶಾಸಕ ಒಂದು ಧ್ರುವ, ಸಂಸದ ಇನ್ನೊಂದು ಧ್ರುವ.

1949ರ ಮೇ ತಿಂಗಳಲ್ಲಿ ಮೀಸಲು ಸ್ಥಾನಗಳ ಭವಿಷ್ಯ ತೀರ್ಮಾನವಾದಾಗ ಹೈದರಾಬಾದ್ ಸಂಸ್ಥಾನದಿಂದ ಸಂವಿಧಾನ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಪೊಲೀಸ್ ಕಾರ್ಯಾಚರಣೆ ಮುಗಿದು ಸೇನಾ ಗವರ್ನರ್ ಆಳ್ವಿಕೆ ನಡೆದಿತ್ತು. ಬೀದರ್, ಕಲಬುರಗಿ, ರಾಯಚೂರು ಸೇರಿದಂತೆ ಇಡೀ ಸಂಸ್ಥಾನದ ಜನ, ಹಿಂದೂ ಮುಸ್ಲಿಂ ಕ್ರೈಸ್ತ ಎಲ್ಲರೂ, ತಮ್ಮ ಪರವಾಗಿ ಯಾರೂ ಮಾತಾಡದ ಸಭೆಯ ನಿರ್ಣಯವನ್ನು ಒಪ್ಪಿಕೊಂಡರು.

2004ರ ಚುನಾವಣೆ ಈ ಎರಡು ನಗರಗಳಲ್ಲಿ ಎರಡು ಬೇರೆ ಉತ್ತರ ಕೊಟ್ಟಿತು. ಹೈದರಾಬಾದಿನಲ್ಲಿ ಅಸಾದುದ್ದೀನ್ ಒವೈಸಿ ಮೊದಲ ಬಾರಿ ಲೋಕಸಭೆಗೆ ಹೋದರು. ಅಲ್ಪಸಂಖ್ಯಾತರು ಒಂದೆಡೆ ಗಟ್ಟಿಯಾಗಿ ನೆಲೆಸಿದಲ್ಲಿ ಸ್ವಂತ ಪಕ್ಷ ಕಟ್ಟಿ ಗೆಲ್ಲುವ ದಾರಿ ಅದು. ಬೆಂಗಳೂರು ಉತ್ತರದಲ್ಲಿ ಸಾಂಗ್ಲಿಯಾನ ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫರನ್ನು ಸೋಲಿಸಿದರು. ಷರೀಫರು ಹಲವು ಬಾರಿ ಅಲ್ಲಿಂದ ಗೆದ್ದವರು, ರೈಲ್ವೆ ಮಂತ್ರಿಯಾಗಿದ್ದವರು. ಒಬ್ಬ ಮುಸ್ಲಿಂ ಹಿರಿಯ, ಒಬ್ಬ ಮಿಜೊ ಕ್ರೈಸ್ತ, ಮತದಾರರು ಬಹುತೇಕ ಹಿಂದೂಗಳು. ಮೀಸಲು ಸ್ಥಾನ ಬೇಡವೆಂದವರು ಕನಸು ಕಂಡದ್ದು ಇಂಥ ಸ್ಪರ್ಧೆಯನ್ನೇ.

ಅದು ಬಿಜೆಪಿಗೆ ಒಳ್ಳೆಯ ವರ್ಷ. ಕರ್ನಾಟಕದ 28ರಲ್ಲಿ 18 ಸ್ಥಾನ ಗೆದ್ದಿತು. ದಿಲ್ಲಿಯಲ್ಲಿ ಮಾತ್ರ ಅಧಿಕಾರ ಕೈತಪ್ಪಿತು. ಕ್ರೈಸ್ತನೊಬ್ಬ ಆ ಪಕ್ಷಕ್ಕೆ ಹೇಗೆ ಹೋದ ಎಂದು ಆಶ್ಚರ್ಯಪಟ್ಟವರಿದ್ದರು. ಆದರೆ ಶಿಸ್ತು, ಕಾನೂನು ಸುವ್ಯವಸ್ಥೆ, ದೇಶಭಕ್ತಿ, ಕುಟುಂಬದ ಮರ್ಯಾದೆ ಈ ಪದಗಳನ್ನು ಜೋರಾಗಿ ಹೇಳುವ ಪಕ್ಷದಲ್ಲಿ ಸಂಪ್ರದಾಯವಾದಿ ಪೊಲೀಸ್ ಅಧಿಕಾರಿಗೆ ಜಾಗ ಸಿಗುವುದು ಅಷ್ಟೇನೂ ವಿಚಿತ್ರವಲ್ಲ. ಯುರೋಪಿನಲ್ಲಿ ಇಂಥವರಿಗೆ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷಗಳಿವೆ. ಜರ್ಮನಿಯಲ್ಲಿ ಅಂಥ ಪಕ್ಷ ದಶಕಗಟ್ಟಲೆ ಆಳಿದೆ. ಬಹುಸಂಖ್ಯಾತರೇ ಕ್ರೈಸ್ತರಾದ ದೇಶದಲ್ಲಿ ಧರ್ಮ ಮತ್ತು ಸಂಪ್ರದಾಯವಾದ ಒಂದೇ ಬಂಡಿಯಲ್ಲಿ ಕೂರುತ್ತವೆ. ಇಲ್ಲಿ ಹಾಗಲ್ಲ. ಇಲ್ಲಿ ಸಂಪ್ರದಾಯವಾದಿ ಕ್ರೈಸ್ತನಿಗೆ ಸಾಮಾಜಿಕ ಧೋರಣೆಯಲ್ಲಿ ಹತ್ತಿರದ ಪಕ್ಷ ಧರ್ಮದ ವಿಷಯದಲ್ಲಿ ದೂರದ ಪಕ್ಷ. ಮತಾಂತರ ಎಂಬ ಒಂದು ಪದ ಸಾಕು, ಆ ದೂರ ಬಯಲಾಗಲು. ಕಾಂಗ್ರೆಸ್ಸಿನಲ್ಲಿ ಅವನ ಧರ್ಮ ಸುರಕ್ಷಿತ, ಆದರೆ ಅವನನ್ನು ಅಲ್ಲಿ ಅಲ್ಪಸಂಖ್ಯಾತ ಮುಖವಾಗಿಯೇ ಎಣಿಸುತ್ತಾರೆ. ಸಾಂಗ್ಲಿಯಾನ ಎರಡೂ ಮನೆಗಳನ್ನು ಕಂಡರು.

ಜುಲೈ 22, 2008

ಅಮೆರಿಕದೊಂದಿಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು 2008ರ ಜುಲೈನಲ್ಲಿ ಹಿಂತೆಗೆದುಕೊಂಡವು. ವಿಶ್ವಾಸಮತದ ದಿನ ಬಿಜೆಪಿಯ ಮೂವರು ಸದಸ್ಯರು ಸದನದೊಳಗೆ ನೋಟಿನ ಕಂತೆ ಎತ್ತಿ ತೋರಿಸಿದ ದೃಶ್ಯ ಹಲವರಿಗೆ ನೆನಪಿರಬಹುದು. ಸರ್ಕಾರ 275ಕ್ಕೆ 256 ಮತಗಳಿಂದ ಉಳಿಯಿತು. ಪಕ್ಷದ ವಿಪ್ ಮೀರಿ ಸರ್ಕಾರದ ಪರ ಮತ ಹಾಕಿದ ಬಿಜೆಪಿ ಸದಸ್ಯರಲ್ಲಿ ಸಾಂಗ್ಲಿಯಾನ ಒಬ್ಬರು. ಒಪ್ಪಂದ ದೇಶಕ್ಕೆ ಒಳ್ಳೆಯದು ಎಂಬುದು ಅವರು ಕೊಟ್ಟ ಕಾರಣ. ಪಕ್ಷ ಉಚ್ಚಾಟಿಸಿತು.

ಇದನ್ನು ಆತ್ಮಸಾಕ್ಷಿಯ ಮತ ಎನ್ನಬೇಕೋ ಪಕ್ಷದ್ರೋಹ ಎನ್ನಬೇಕೋ? 1985ರ 52ನೇ ತಿದ್ದುಪಡಿ ಹತ್ತನೇ ಅನುಸೂಚಿಯನ್ನು ತಂದ ಮೇಲೆ ನಮ್ಮ ಸಂಸತ್ತಿನಲ್ಲಿ ಆತ್ಮಸಾಕ್ಷಿಗೆ ಕಾನೂನಿನ ಜಾಗವಿಲ್ಲ. ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಬ್ರಿಟನ್ನಿನ ಸಂಸತ್ತಿನಲ್ಲಿ ಗರ್ಭಪಾತ, ಮರಣದಂಡನೆಯಂಥ ವಿಷಯಗಳಲ್ಲಿ ಪಕ್ಷಗಳು ವಿಪ್ ಕೊಡದೆ ಸದಸ್ಯರನ್ನು ಅವರವರ ಮನಸ್ಸಿಗೆ ಬಿಡುವ ರೂಢಿಯಿದೆ. ಧಾರ್ಮಿಕ ಸಂಪ್ರದಾಯವಾದಿ ಸಂಸದನೊಬ್ಬ ಅಲ್ಲಿ ಹೆಸರು ಮಾಡುವುದು ಇಂಥ ಮತಗಳಿಂದಲೇ. ನಮ್ಮಲ್ಲಿ ಸಂಸದನಿಗೆ ಆ ಅವಕಾಶವಿಲ್ಲ. ಅವನ ನಂಬಿಕೆ ಏನೇ ಇರಲಿ, ಗುಂಡಿ ಒತ್ತುವ ಬೆರಳು ಪಕ್ಷದ್ದು. 1949ರಲ್ಲಿ ಯಾರೂ ಊಹಿಸದಿದ್ದ ಬದಲಾವಣೆ ಇದು. ಸಮುದಾಯದ ಸ್ಥಾನ ಬಿಟ್ಟವರು ಸಾಮಾನ್ಯ ಕ್ಷೇತ್ರದಿಂದ ಗೆದ್ದ ವ್ಯಕ್ತಿಯ ಮೇಲೆ ಭರವಸೆ ಇಟ್ಟಿದ್ದರು. ಆ ವ್ಯಕ್ತಿಯನ್ನು 1985ರ ಕಾನೂನು ಪಕ್ಷದ ಗೂಟಕ್ಕೆ ಕಟ್ಟಿತು.

ಉಚ್ಚಾಟನೆಯಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು, ಉಡುಪಿ, ಚಿಕ್ಕಮಗಳೂರು ಮುಂತಾದೆಡೆ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ರಾಜ್ಯದಲ್ಲಿ ಆಗ ಬಿ.ಎಸ್. ಯಡಿಯೂರಪ್ಪನವರ ಬಿಜೆಪಿ ಸರ್ಕಾರ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಯಿತು. ಆ ಭಾನುವಾರದ ಹೊತ್ತಿಗೆ ಕರ್ನಾಟಕದ ಬಿಜೆಪಿ ಸಂಸದರಲ್ಲಿದ್ದ ಒಬ್ಬನೇ ಕ್ರೈಸ್ತ ಪಕ್ಷದ ಹೊರಗಿದ್ದರು. ಒಳಗಿದ್ದಿದ್ದರೆ ಏನು ಮಾಡುತ್ತಿದ್ದರು ಎಂಬ ಊಹೆಯಿಂದ ಪ್ರಯೋಜನವಿಲ್ಲ. ಆದರೆ ಆಡಳಿತ ಪಕ್ಷದ ಒಳಗಿನ ಸಭೆಯಲ್ಲಿ ನಮ್ಮ ಚರ್ಚು ಎಂದು ಹೇಳಬಲ್ಲ ಒಬ್ಬ ಸಂಸದ ಆ ವಾರ ಇರಲಿಲ್ಲ ಎಂಬುದಂತೂ ಹೌದು.

2009ರಲ್ಲಿ ಅವರು ಕಾಂಗ್ರೆಸ್ ಟಿಕೆಟಿನಲ್ಲಿ ಹೊಸದಾಗಿ ರಚನೆಯಾಗಿದ್ದ ಬೆಂಗಳೂರು ಸೆಂಟ್ರಲ್‌ನಿಂದ ನಿಂತರು. ಬಿಜೆಪಿಯ ಪಿ.ಸಿ. ಮೋಹನ್ ಸುಮಾರು 35 ಸಾವಿರ ಮತಗಳಿಂದ ಗೆದ್ದರು. ಮೂರನೆಯವರಾದ ಜೆಡಿಎಸ್‌ನ ಬಿ.ಝಡ್. ಜಮೀರ್ ಅಹ್ಮದ್ ಖಾನ್ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದರು. ಐದು ವರ್ಷ ಹಿಂದೆ ಎಲ್ಲರ ಮತ ಕೇಳಿ ಗೆದ್ದ ಸಾಂಗ್ಲಿಯಾನ ಈಗ ಅಲ್ಪಸಂಖ್ಯಾತರ ಮತ ಯಾರಿಗೆಷ್ಟು ಹಂಚಿತು ಎಂಬ ಲೆಕ್ಕದ ಒಂದು ಸಾಲಾದರು. ನಂತರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಉಪಾಧ್ಯಕ್ಷರಾದರು. ಸಮವಸ್ತ್ರದ ಹೆಸರಿನಿಂದ ರಾಜಕೀಯಕ್ಕೆ ಬಂದವರ ಸಾರ್ವಜನಿಕ ಗುರುತು ಕೊನೆಗೆ ಧರ್ಮದ ಗುರುತಿನ ಕುರ್ಚಿಗೆ ಬಂದು ನಿಂತಿತು.

ಒಂದು ಮಾತು, ಅದರ ಹಿಂದಿನ ಕಾನೂನು

2018ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸಾಧಕ ಮಹಿಳೆಯರನ್ನು ಸನ್ಮಾನಿಸುವ ಕಾರ್ಯಕ್ರಮ ನಡೆಯಿತು. 2012ರ ದಿಲ್ಲಿ ಪ್ರಕರಣದಲ್ಲಿ ಮಗಳನ್ನು ಕಳೆದುಕೊಂಡ ತಾಯಿಯೂ ಅಲ್ಲಿದ್ದರು. ಸಾಂಗ್ಲಿಯಾನ ವೇದಿಕೆಯಿಂದ ಆ ತಾಯಿಯ ಮೈಕಟ್ಟಿನ ಬಗ್ಗೆ, ಅದನ್ನು ನೋಡಿದರೆ ಮಗಳು ಎಷ್ಟು ಚೆಲುವೆಯಿದ್ದಿರಬಹುದು ಎಂಬ ಬಗ್ಗೆ ಮಾತಾಡಿದರು. ಬಲಾತ್ಕಾರಕ್ಕೆ ಸಿಕ್ಕಿಬಿದ್ದರೆ ಹೆಣ್ಣುಮಕ್ಕಳು ಶರಣಾಗಿ ಜೀವ ಉಳಿಸಿಕೊಳ್ಳಲಿ, ಕೇಸು ಆಮೇಲೆ ನಡೆಸಬಹುದು ಎಂಬ ಅರ್ಥದ ಸಲಹೆಯನ್ನೂ ಕೊಟ್ಟರು. ದೇಶದ ತುಂಬ ಸಿಟ್ಟೆದ್ದಿತು, ತಾಯಿ ಬಹಿರಂಗವಾಗಿಯೇ ನೋವು ಹೇಳಿಕೊಂಡರು. ಸಾಂಗ್ಲಿಯಾನ ತಮ್ಮ ಮಾತು ಹೆಣ್ಣುಮಕ್ಕಳ ರಕ್ಷಣೆಯ ಕಾಳಜಿಯಿಂದ ಬಂದದ್ದು ಎಂದು ಸಮರ್ಥಿಸಿಕೊಂಡರು.

ಮಾತಿನ ಮೊದಲ ಭಾಗಕ್ಕೆ ಯಾವ ಸಮರ್ಥನೆಯೂ ಇಲ್ಲ. ಎರಡನೆಯದನ್ನು ಮಾತ್ರ ಬೈದು ಮುಂದೆ ಹೋಗುವ ಬದಲು ಸ್ವಲ್ಪ ಬಿಡಿಸಿ ನೋಡಬೇಕು. ಪ್ರಾಣ ಉಳಿಸಿಕೋ ಎಂಬುದು ಠಾಣೆಯಲ್ಲಿ ಹೆಣ ನೋಡಿದ ಪೊಲೀಸಿನವನ ಸಲಹೆ, ಅದರಲ್ಲಿ ಕೇಡು ಬಯಸಿದ್ದು ಕಾಣುವುದಿಲ್ಲ. ತೊಂದರೆ ಇರುವುದು ಈ ಸಲಹೆಗೆ ಇರುವ ಚರಿತ್ರೆಯಲ್ಲಿ. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಟ್ಟಿತು. ಅದರ ವಿರುದ್ಧ ಎದ್ದ ಚಳವಳಿಯಿಂದಲೇ 1983ರಲ್ಲಿ ಕಾನೂನು ಬದಲಾಯಿತು. ದಿಲ್ಲಿ ಪ್ರಕರಣದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ ಬಂದು, 2013ರ ತಿದ್ದುಪಡಿ ಇನ್ನೂ ಸ್ಪಷ್ಟವಾಗಿ ಬರೆಯಿತು: ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಗೆ ಎಂದು ತಿಳಿಯುವಂತಿಲ್ಲ. ಅಂದರೆ, ಪ್ರತಿಭಟಿಸದ ಹೆಣ್ಣಿಗೆ ಒಪ್ಪಿದ್ದೀಯ ಎನ್ನುತ್ತಿದ್ದ ಸಮಾಜವೇ ಪ್ರತಿಭಟಿಸಿ ಸತ್ತವಳಿಗೆ ಶರಣಾಗಬೇಕಿತ್ತು ಎಂದರೆ ಹೆಣ್ಣಿಗೆ ಉಳಿಯುವ ದಾರಿ ಯಾವುದು? ಸಂಪ್ರದಾಯವಾದದ ಕಾಳಜಿ ನಿಜವಾದಾಗಲೂ ಅದರ ಕಣ್ಣು ಮೊದಲು ಹೋಗುವುದು ಹೆಣ್ಣಿನ ನಡತೆಯ ಕಡೆಗೆ.

ಈ ದೋಷ ಒಬ್ಬರದಲ್ಲ. 1869ರ ಭಾರತೀಯ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಸ್ವತಂತ್ರ ಭಾರತದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಡೆದು, 2001ರಲ್ಲಿ ಸಂಸತ್ತು ತಿದ್ದಿತು. ಅಷ್ಟರಲ್ಲಿ ಎಷ್ಟೋ ಕ್ರೈಸ್ತ ಸಂಸದರು ಬಂದು ಹೋಗಿದ್ದರು.

ಕೊನೆಯವರು

2011ರ ಜನಗಣತಿಯ ಪ್ರಕಾರ ಕರ್ನಾಟಕದ ಕ್ರೈಸ್ತರು 11 ಲಕ್ಷಕ್ಕೂ ಹೆಚ್ಚು, ಅಂದರೆ ಜನಸಂಖ್ಯೆಯ ಶೇ 1.87. 1952ರಿಂದ ಅವರಲ್ಲೊಬ್ಬರು ಲೋಕಸಭೆಯ ಸಾಮಾನ್ಯ ಕ್ಷೇತ್ರದಲ್ಲಿ ಆಗಾಗ ಗೆಲ್ಲುತ್ತಲೇ ಬಂದಿದ್ದರು. 2004ರಲ್ಲಿ ಸಾಂಗ್ಲಿಯಾನ ಗೆದ್ದ ನಂತರ 2009, 2014, 2019, 2024, ಹೀಗೆ ನಾಲ್ಕು ಚುನಾವಣೆಗಳಾಗಿವೆ. 28ರಂತೆ 112 ಸ್ಥಾನಗಳು. ಅವುಗಳಲ್ಲಿ ಒಂದರಲ್ಲೂ ಕ್ರೈಸ್ತರೊಬ್ಬರು ಕರ್ನಾಟಕದಿಂದ ಗೆದ್ದಿಲ್ಲ. ಆಸ್ಕರ್ ಫರ್ನಾಂಡಿಸ್ 2021ರಲ್ಲಿ ತೀರಿಕೊಳ್ಳುವವರೆಗೆ ರಾಜ್ಯಸಭೆಯಲ್ಲಿದ್ದರು, ಆದರೆ ಅದು ಮತದಾರರ ಮುಂದೆ ನಿಂತು ಗೆದ್ದ ಸ್ಥಾನವಲ್ಲ.

1949ರಲ್ಲಿ ಡಿಸೋಜ, ಮುಖರ್ಜಿಯವರು ಮಾಡಿದ್ದು ತಪ್ಪೆಂದು ಇದರಿಂದ ಸಾಬೀತಾಗುವುದಿಲ್ಲ. ಮೀಸಲು ಸ್ಥಾನ ಇದ್ದಿದ್ದರೆ ಜೋಕಿಂ ಆಳ್ವ, ಆಸ್ಕರ್ ಅಂಥವರು ಸಮುದಾಯದ ಪ್ರತಿನಿಧಿಗಳಾಗಿಯೇ ಉಳಿದುಬಿಡುತ್ತಿದ್ದರು, ಮಿಜೊ ಅಧಿಕಾರಿಯೊಬ್ಬ ಬೆಂಗಳೂರಿನಲ್ಲಿ ಗೆಲ್ಲುವ ಮಾತೂ ಇರುತ್ತಿರಲಿಲ್ಲ. ಆದರೆ ಆ ತೀರ್ಮಾನಕ್ಕೆ ಇನ್ನೊಂದು ಬದಿಯೂ ಇತ್ತು. ಅಲ್ಪಸಂಖ್ಯಾತರು ಸ್ಥಾನ ಬಿಟ್ಟರೆ ಪಕ್ಷಗಳು ಅವರಿಗೆ ಟಿಕೆಟ್ ಕೊಡಬೇಕು, ಮತದಾರರು ಧರ್ಮ ನೋಡದೆ ಮತ ಹಾಕಬೇಕು. ಮೊದಲನೆಯದು ನಿಂತರೆ ಎರಡನೆಯದಕ್ಕೆ ಪರೀಕ್ಷೆಯೇ ಇಲ್ಲ. ಟಿಕೆಟ್ ಪಡೆದು ಗೆದ್ದವನಿಗೂ ತನ್ನ ಮನಸ್ಸಿನಂತೆ ಮತ ಹಾಕುವ ಹಕ್ಕು ಇಲ್ಲದಿದ್ದರೆ, ಅವನು ಸಂಪ್ರದಾಯವಾದಿಯೋ ಸುಧಾರಕನೋ ಎಂಬುದು ಪತ್ರಿಕೆಯವರ ಪ್ರಶ್ನೆಯಾಗಿ ಉಳಿಯುತ್ತದೆ, ಸದನದ ದಾಖಲೆಯಲ್ಲಿ ಕಾಣುವುದಿಲ್ಲ.

ಬೆಂಗಳೂರು ಉತ್ತರದ ಮತದಾರರು 2004ರಲ್ಲಿ ಮಿಜೊ ಹೆಸರಿನ ಕ್ರೈಸ್ತನೊಬ್ಬನನ್ನು ಕನ್ನಡದ ಹೀರೊ ಎಂದುಕೊಂಡು ಗೆಲ್ಲಿಸಿದರು. ಅವರಿಗೆ ಆ ಹೆಸರಿನ ಧರ್ಮ ಯಾವುದೆಂದು ಕೇಳಬೇಕೆನಿಸಿದಂತಿಲ್ಲ. ಕೇಳತೊಡಗಿದ್ದು ಆಮೇಲೆ, ಮತ್ತು ಮೊದಲು ಕೇಳಿದವರು ಮತದಾರರಲ್ಲ.